ಕೂಸಿನ ಬೆನ್ನಿನ ಗುಳಿಗೆ ಗ್ರಹಣ ಕಾರಣವಲ್ಲ

2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಹಾಗೆ ಮಾಡಿದರೆ ಕೈಕಾಲಿಗೆ ಬಲ ಬರುತ್ತದಂತೆ. ಹೆತ್ತವರ ಸಂಕಟ ಅರ್ಥವಾಗುತ್ತದೆ, ನಂಬಿಕೆಯನ್ನು ಮಾತ್ರ ಒಪ್ಪಲಾಗದು. ಅದೇ ಸೀಮೆಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಕಲ್ಯಾಣದಲ್ಲಿಳಿದು, ಕಸಾರಾ ಲೋಕಲ್ ಹಿಡಿದು ಮುಂಬೈ ಬಳಿಯ ಟಿಟ್ವಾಳಾ ಸೇರುವ ನಮ್ಮವರ ಜೊತೆ ಈ ನಂಬಿಕೆಯ ಇನ್ನೊಂದು ರೂಪವೂ ಬರುತ್ತದೆ: ಗ್ರಹಣದ ಹೊತ್ತಲ್ಲಿ ಬಸುರಿ ಈಳಿಗೆ ಮುಟ್ಟಿದರೆ ಕೂಸಿನ ಮೈ ಸೀಳುತ್ತದಂತೆ.

ಬೆನ್ನು ಸೀಳಿ ಹುಟ್ಟುವ ಕೂಸಿಗೂ ಗ್ರಹಣಕ್ಕೂ ನಂಟಿಲ್ಲ. ಕೂಸಿನ ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ನಿಂತ 28 ದಿನಗಳೊಳಗೆ. ಆ ಹೊತ್ತಿಗೆ ಎಷ್ಟೋ ತಾಯಂದಿರಿಗೆ ತಾವು ಬಸುರಿ ಎಂಬುದೇ ಗೊತ್ತಿರುವುದಿಲ್ಲ. ಮುಚ್ಚದೇ ಉಳಿದರೆ ಅದೇ ಸ್ಪೈನಾ ಬೈಫಿಡಾ. ಫೋಲಿಕ್ ಆಸಿಡ್ ಕೊರತೆ, ವಂಶವಾಹಿ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಮೂರ್ಛೆರೋಗದ ವಾಲ್‌ಪ್ರೋಯೇಟ್ ಮಾತ್ರೆ ಇದಕ್ಕೆ ಕಾರಣವಾಗಬಹುದು. ಮೊದಲೊಮ್ಮೆ ಇಂಥ ಮಗು ಹೆತ್ತ ತಾಯಂದಿರಿಗೆ ಮುಂಚಿತವಾಗಿ ಫೋಲಿಕ್ ಆಸಿಡ್ ಕೊಟ್ಟರೆ ದೋಷ 72% ತಗ್ಗುತ್ತದೆ ಎಂದು 1991ರಲ್ಲೇ ಬ್ರಿಟನ್ನಿನ ಅಧ್ಯಯನವೊಂದು ತೋರಿಸಿತು. ಇಂಥ ಅಪಾಯಗಳಿಲ್ಲದ ಉಳಿದವರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಕು, ಆದರೆ ಬಸಿರಿಗೆ ಮೊದಲೇ ಶುರುವಾಗಬೇಕು.

ಇನ್ನು ಬೆನ್ನಿನ ಗುಳಿ, ಚರ್ಮದಡಿ ಅಡಗಿದ ಇಂಥ ದೋಷದ ಗುರುತಾಗಬಹುದಾದದ್ದು. ಎಣ್ಣೆ ಹಚ್ಚಿ ನೀರೆರೆಯುವ ಅಜ್ಜಿಯ ಕಣ್ಣಿಗೇ ಇದು ಮೊದಲು ಬೀಳುವುದು. "ಗುಳಿ ಇದ್ದರೆ ಮಗು ನಡೆಯೋದಿಲ್ಲ" ಎಂದು ಕೆಲವರು ಎದೆಯೊಡೆದುಕೊಳ್ಳುತ್ತಾರೆ, "ಚರ್ಮ ಮುಚ್ಚಿದೆಯಲ್ಲ, ಬಿಡು" ಎಂದು ಉಳಿದವರು ಸುಮ್ಮನಾಗುತ್ತಾರೆ. ಎರಡೂ ತಪ್ಪು. ಗುಳಿ ನಡುಗೆರೆಯ ಮೇಲಿದ್ದು, 5 ಮಿಲಿಮೀಟರಿಗಿಂತ ಚಿಕ್ಕದಾಗಿ, ಗುದದ್ವಾರದಿಂದ ಎರಡೂವರೆ ಸೆಂಟಿಮೀಟರಿನೊಳಗಿದ್ದರೆ ಹೆದರುವಂಥದ್ದೇನಿಲ್ಲ. ಸೊಂಟದ ನೀಲಿ ಮಚ್ಚೆಯೂ ನಿರಪಾಯಕಾರಿ. ಗುಳಿ ಆ ಎರಡೂವರೆ ಸೆಂಟಿಮೀಟರಿಗಿಂತ ಮೇಲಿದ್ದರೆ, ಅಗಲವಾಗಿದ್ದರೆ, ಜೊತೆಗೆ ಕೂದಲಿನ ಜುಟ್ಟು, ಕೆಂಪು ಗೆಡ್ಡೆ ಅಥವಾ ಮೆತ್ತನೆಯ ಕೊಬ್ಬಿನ ಉಬ್ಬು ಇದ್ದರೆ ಸೋನೋಗ್ರಫಿ ಮಾಡಿಸಿ ಒಳಗೆ ನೋಡಲೇಬೇಕು.

"ಎಲುಬಿನೊಳಗೆ ಸೋನೋಗ್ರಫಿಗೆ ಏನು ಕಾಣುತ್ತೆ?" ಎಂಬ ಪ್ರಶ್ನೆ ದೊಡ್ಡವರ ಮಟ್ಟಿಗೆ ಸರಿ. ಎಳೆಗೂಸಿನ ಬೆನ್ನುಮೂಳೆಯ ಹಿಂಬದಿ ಇನ್ನೂ ಮೃದ್ವಸ್ಥಿ, ಶಬ್ದದ ಅಲೆ ಅದನ್ನು ದಾಟಿ ಹೋಗುತ್ತದೆ. ಹಾಲು ಕುಡಿದು ಸಮಾಧಾನದಲ್ಲಿರುವ ಕೂಸನ್ನು ಬೋರಲು ಮಲಗಿಸಿ, ಹೊಟ್ಟೆಯಡಿ ಸುತ್ತಿದ ಬಟ್ಟೆಯಿಟ್ಟು, ಬೆಚ್ಚಗಿನ ಜೆಲ್ ಹಚ್ಚಿ ಪ್ರೋಬ್ ಸರಿಸುತ್ತಾರೆ. ವಿಕಿರಣವಿಲ್ಲ, ನಿದ್ದೆಯ ಔಷಧಿಯೂ ಬೇಡ. ತೆರೆಯ ಮೇಲೆ ಬೆನ್ನುಹುರಿ ಕಪ್ಪು ಪಟ್ಟಿಯಾಗಿ, ನಡುವೆ ಬಿಳಿಗೆರೆಯೊಂದಿಗೆ ಕಾಣುತ್ತದೆ. ಕೆಳಗೆ ಮೂಲಂಗಿಯ ತುದಿಯಂತೆ ಚೂಪಾಗುತ್ತದೆ. ಆ ತುದಿ ಸೊಂಟದ ಎರಡನೆಯ ಮತ್ತು ಮೂರನೆಯ ಮೂಳೆಗಳ ನಡುವಿಗಿಂತ ಕೆಳಗಿಳಿಯದೆ ನಿಂತರೆ ಸರಿ. ಅದರಡಿಯ ನರಗಳು ಕೂಸಿನ ಉಸಿರು, ಎದೆಬಡಿತದ ಜೊತೆ ಅಲುಗಾಡುತ್ತಿರಬೇಕು. ತುದಿ ತೀರಾ ಕೆಳಗಿಳಿದು ಹಿಂಗೋಡೆಗೆ ಅಂಟಿದ್ದರೆ, ಅಲುಗಾಟ ನಿಂತಿದ್ದರೆ, ಕೊನೆಯ ಎಳೆ 2 ಮಿಲಿಮೀಟರಿಗಿಂತ ದಪ್ಪವಿದ್ದರೆ ಅಥವಾ ಬೆಳ್ಳಗೆ ಹೊಳೆಯುವ ಕೊಬ್ಬಿನ ಗಂಟಿದ್ದರೆ ಹುರಿ ಸಿಕ್ಕಿಹಾಕಿಕೊಂಡಿದೆ ಎಂದು ವೈದ್ಯರು ಶಂಕಿಸಿ ಎಂಆರ್‌ಐ ಬರೆಯುತ್ತಾರೆ. ತುದಿಯಲ್ಲಿ ಕಾಣುವ ಸಣ್ಣ ನೀರುಗುಳ್ಳೆ ಮಾತ್ರ ಎಷ್ಟೋ ಸಲ ಸಹಜವೇ, ವರದಿಯಲ್ಲಿ 'ಸಿಸ್ಟ್' ಎಂದು ಓದಿ ಅಳಬೇಕಿಲ್ಲ.

ಬೆನ್ನ ಮೇಲೆ ತೆರೆದ ಚೀಲವೇ ಇದ್ದರೆ ಅದಕ್ಕೆ ಪ್ರೋಬ್ ತಾಗಿಸುವುದಿಲ್ಲ, ಸೋಂಕಿನ ಭಯ. ಅರಿಶಿನ, ಎಣ್ಣೆ ಯಾವುದೂ ಬೇಡ. ಸಲೈನಿನಲ್ಲಿ ಒದ್ದೆಯಾದ ಶುದ್ಧ ಬಟ್ಟೆ ಮುಚ್ಚಿ, ಬೋರಲು ಮಲಗಿಸಿ, ಮುಂಬೈ ಪರೇಲಿನ ವಾಡಿಯಾದಂಥ ಮಕ್ಕಳ ಆಸ್ಪತ್ರೆಗೆ ತಡಮಾಡದೆ ಹೊರಡಬೇಕು.

"ಐದನೇ ತಿಂಗಳ ಸ್ಕ್ಯಾನ್ ನಾರ್ಮಲ್ ಇತ್ತು" ಎಂಬ ನೆಮ್ಮದಿಯೂ ಪೂರ್ತಿಯಲ್ಲ. ತೆರೆದ ದೋಷವನ್ನು ಅದು ಬಹುಮಟ್ಟಿಗೆ ಹಿಡಿಯುತ್ತದೆ, ಚರ್ಮದಡಿ ಅಡಗಿದ್ದು ತಪ್ಪಿಹೋಗಬಹುದು.

ನನಗೆ ನಿಜವಾದ ಆತಂಕ ಬಾಣಂತನದ್ದು. ಮೂಳೆ ಗಟ್ಟಿಯಾಗುತ್ತಾ ಬಂದು ಮೂರು ನಾಲ್ಕು ತಿಂಗಳಿಗೆ ಸೋನೋಗ್ರಫಿಯ ನೋಟ ಮಸುಕಾಗುತ್ತದೆ. ನಮ್ಮವರು ಹೆರಿಗೆಗೆ ತವರಿಗೆ ಹೋಗಿ, ಐದನೇ ತಿಂಗಳಿಗೆ ಕೂಸನ್ನೆತ್ತಿಕೊಂಡು ಟಿಟ್ವಾಳಾಕ್ಕೆ ಮರಳುತ್ತಾರೆ. "ಅಲ್ಲಿ ಹೋದ ಮೇಲೆ ತೋರಿಸಿದರಾಯಿತು" ಎಂದು ಮುಂದೂಡಿದರೆ, ಹತ್ತು ನಿಮಿಷದಲ್ಲಿ ಮುಗಿಯಬಹುದಾದ ಪರೀಕ್ಷೆಗೆ ಮಗುವಿಗೆ ನಿದ್ದೆ ಬರಿಸಿ ಎಂಆರ್‌ಐ ಮಾಡಿಸಬೇಕಾಗುತ್ತದೆ. ಅನುಮಾನದ ಗುರುತಿದ್ದರೆ ತವರಿನ ಜಿಲ್ಲಾಸ್ಪತ್ರೆಯಲ್ಲೇ ಮೊದಲ ತಿಂಗಳಲ್ಲಿ ಮಾಡಿಸಿಬಿಡಿ, ವರದಿಯನ್ನು ಜೊತೆಗೆ ತನ್ನಿ.