ಗ್ರಹಣ ಊರ ಬಾಗಿಲಿಗೇ ಬಂದಿತ್ತು, ಬಾಗಿಲಿಗೆ ಅಗಳಿ ಬಿದ್ದಿತ್ತು

ಆಡೂರು (ಹಾನಗಲ್ಲ ತಾಲೂಕು): ಊರಿಗೆ ಮಂತ್ರಿಗಳು ಬರ್ತಾರೆ ಅಂದರೆ ತಳಿರು ತೋರಣ ಕಟ್ಟುತ್ತೇವೆ. ಜಾತ್ರೆ ಅಂದರೆ ಬೀಗರಿಗೆಲ್ಲ ಕರೆ ಹೋಗುತ್ತದೆ. ಆದರೆ ಒಂದು ಜಾಗಕ್ಕೆ ಸರಾಸರಿ 375 ವರ್ಷಕ್ಕೊಮ್ಮೆ ಮಾತ್ರ ಬರುವ ಅತಿಥಿ 1980ರಲ್ಲಿ ಈ ಸೀಮೆಗೆ ಬಂದಾಗ, ಹೆಚ್ಚಿನ ಮನೆಗಳ ಬಾಗಿಲಿಗೆ ಒಳಗಿನಿಂದ ಅಗಳಿ ಬಿದ್ದಿತ್ತು.

ಆ ಅತಿಥಿ ಖಗ್ರಾಸ ಸೂರ್ಯಗ್ರಹಣ. ದಿನಾಂಕ 1980ರ ಫೆಬ್ರುವರಿ 16, ಶನಿವಾರ, ಶಿವರಾತ್ರಿ ಅಮಾವಾಸ್ಯೆ. ಆಗ ಹಾವೇರಿ ಜಿಲ್ಲೆ ಹುಟ್ಟಿರಲಿಲ್ಲ, ಇದೆಲ್ಲ ಧಾರವಾಡ ಜಿಲ್ಲೆಯೇ. ಚಂದ್ರನ ನೆರಳು ಅರಬ್ಬೀ ಸಮುದ್ರ ದಾಟಿ ಅಂಕೋಲೆ ಕಡೆಯಿಂದ ಘಟ್ಟ ಹತ್ತಿ, ಹಾನಗಲ್ಲ, ಶಿಗ್ಗಾವಿ, ಸವಣೂರು, ಹುಬ್ಬಳ್ಳಿ, ಗದಗ, ರಾಯಚೂರು ಸೀಮೆಗಳ ಮೇಲೆ ಹಾದು ಆಂಧ್ರಕ್ಕೆ, ಅಲ್ಲಿಂದ ಪುರಿಯ ಕಡಲಿಗೆ ಹೋಯಿತು. ಅಂಕೋಲೆಯಿಂದ ಹುಬ್ಬಳ್ಳಿಗೆ ಬರಲು ಬಸ್ಸಿಗೆ ತಾಸುಗಟ್ಟಲೆ ಬೇಕು. ನೆರಳಿಗೆ ಬೇಕಾದದ್ದು ಕೆಲವೇ ನಿಮಿಷ. ಪಶ್ಚಿಮ ಕರಾವಳಿಯಿಂದ ಪೂರ್ವ ಕರಾವಳಿ ಮುಟ್ಟಲು ಅದಕ್ಕೆ ಅರ್ಧ ತಾಸೂ ಹಿಡಿಯಲಿಲ್ಲ.

ಆಡೂರು ಆ ನೆರಳಿನ ಪಟ್ಟಿಯ ಒಳಗೇ ಇತ್ತು. ಇಲ್ಲಿಯವರು ಬಸ್ಸು ಹತ್ತಬೇಕಿರಲಿಲ್ಲ, ರೊಕ್ಕ ಬಿಚ್ಚಬೇಕಿರಲಿಲ್ಲ. ಕಟ್ಟೆಯ ಮೇಲೆ ಬಂದು ಕೂತಿದ್ದರೆ ಸಾಕಿತ್ತು.

ಹೊರಗೆ ನಡೆದದ್ದೇನು?

ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ ಸೂರ್ಯನಿಗೆ ಕಚ್ಚು ಬಿತ್ತು. ಒಂದು ತಾಸಿಗೂ ಮೇಲೆ ಅದು ಹಿಗ್ಗುತ್ತ ಹೋಯಿತು. ಮೂರೂಮುಕ್ಕಾಲರ ಆಸುಪಾಸಿಗೆ ಸೂರ್ಯ ಪೂರ್ತಿ ಮರೆಯಾದ. ಈ ಭಾಗದಲ್ಲಿ ಕತ್ತಲೆ ನಿಂತದ್ದು ಎರಡು ನಿಮಿಷದ ಸುಮಾರು.

ಖಗ್ರಾಸದ ಹೊತ್ತಿಗೆ ಬಿಸಿಲು ಹೋಗಿ ಗಾಳಿ ತಣ್ಣಗಾಗುತ್ತದೆ. ಹಕ್ಕಿಗಳು ಸಂಜೆಯಾಯಿತೆಂದು ಗೂಡಿಗೆ ತಿರುಗುತ್ತವೆ. ಸೂರ್ಯನಿದ್ದ ಜಾಗದಲ್ಲಿ ಕರಿ ಬಿಲ್ಲೆ, ಅದರ ಸುತ್ತ ಮುತ್ತಿನ ಬಣ್ಣದ ಪ್ರಭೆ ಕಾಣುತ್ತದೆ. ಆ ಪ್ರಭೆಯೇ ಸೂರ್ಯನ ಕಿರೀಟ. ದಿನಾ ಅದು ಅಲ್ಲೇ ಇರುತ್ತದೆ, ಆದರೆ ಬೆಳಕಿನ ಅಬ್ಬರದಲ್ಲಿ ಬರಿಗಣ್ಣಿಗೆ ಸಿಗುವುದಿಲ್ಲ. 1980 ಸೂರ್ಯನಲ್ಲಿ ಕಲೆಗಳು ಹೆಚ್ಚಿದ್ದ ಕಾಲ. ಹಾಗಾಗಿ ಕಿರೀಟ ಒಂದೇ ಕಡೆ ಚಾಚದೆ ಸುತ್ತಲೂ ಹರಡಿಕೊಂಡಿತ್ತು. ಹಾಡಹಗಲೇ ಶುಕ್ರ ಕಾಣುವಂತಿದ್ದ.

ಇದಕ್ಕೆಲ್ಲ ಕಾರಣ ಒಂದು ಲೆಕ್ಕ. ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ಅಗಲ, ದೂರವೂ ಸುಮಾರು 400 ಪಟ್ಟು. ಅದಕ್ಕೇ ಎರಡೂ ಒಂದೇ ಅಳತೆ ಕಾಣುತ್ತವೆ. ಕಣ್ಣಿಗೆ ಅಡ್ಡ ಹಿಡಿದ ನಾಲ್ಕಾಣೆ ಬಿಲ್ಲೆ ಬಸ್‌ಸ್ಟ್ಯಾಂಡಿನ ದೊಡ್ಡ ಗಡಿಯಾರವನ್ನೇ ಮುಚ್ಚಿದ ಹಾಗೆ.

ಯಾರು ಬಂದರು?

ಈ ಎರಡು ನಿಮಿಷಕ್ಕಾಗಿ ಮಂದಿ ಸಮುದ್ರ ದಾಟಿ ಬಂದರು. ವೇಣು ಬಾಪು ಅವರು ನಿರ್ದೇಶಕರಾಗಿದ್ದ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬಿಡಾರ ಹೂಡಿದರು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ಗದಗಿಗೆ ಬಂದರು. ಹೈದರಾಬಾದಿನ ಹತ್ತಿರದ ಜಪಾಲ್-ರಂಗಾಪುರ ವೀಕ್ಷಣಾಲಯಕ್ಕೆ ಅಮೆರಿಕದಿಂದ ವಿಜ್ಞಾನಿಗಳು ಬಂದಿಳಿದರು.

ಇದು ನಮ್ಮ ನಾಡಿಗೆ ಹೊಸತೂ ಅಲ್ಲ. 1868ರ ಆಗಸ್ಟ್ 18ರ ಗ್ರಹಣಕ್ಕೆ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಲ್ಲಿ ದುರ್ಬೀನು ನಿಲ್ಲಿಸಿದ್ದ. ಅದೇ ಗ್ರಹಣವನ್ನು ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿ ನೋಡಿದ. ಆ ವರ್ಷ ಸೂರ್ಯನ ಬೆಳಕಿನಲ್ಲಿ ಕಂಡ ಒಂದು ಹಳದಿ ಗೆರೆಯಿಂದ ಹೀಲಿಯಂ ಎಂಬ ಅನಿಲದ ಸುಳಿವು ಹತ್ತಿತು. ಅದು ಭೂಮಿಯ ಮೇಲೆ ಸಿಕ್ಕದ್ದು 1895ರಲ್ಲಿ. ಇನ್ನು 1871ರ ಡಿಸೆಂಬರ್ 12ರ ಗ್ರಹಣಕ್ಕೆ ಇಂಗ್ಲೆಂಡಿನ ಲಾಕಿಯರ್ ತಂಡ ಕಾಸರಗೋಡಿನ ಬೇಕಲ ಕೋಟೆಗೆ ಬಂದಿತ್ತು. ಜಾತ್ರೆ ನಮ್ಮ ಊರಲ್ಲಿ, ನೋಡಿದವರು ಮಾತ್ರ ಪರಊರಿನವರು.

ಒಳಗೆ ನಡೆದದ್ದೇನು?

1980ರ ಆ ಮಧ್ಯಾಹ್ನ ದೇಶದ ದೊಡ್ಡ ದೊಡ್ಡ ಶಹರಗಳ ಬೀದಿಗಳೇ ಭಣಗುಟ್ಟಿದವು. ಮಂದಿ ಮನೆಯಲ್ಲೇ ಇರಲೆಂದು ದೂರದರ್ಶನ ಸಿನೆಮಾ ತೋರಿಸಿತು. ಟಿ.ವಿ. ಇಲ್ಲದ ನಮ್ಮ ಕಡೆ ಅಜ್ಜಿಯ ಮಾತೇ ಸಾಕಿತ್ತು. ಉಪ್ಪಿನಕಾಯಿ ಭರಣಿಗೆ ದರ್ಭೆ ಬಿತ್ತು. ಬಸುರಿಯರು ಮೂಲೆ ಸೇರಿದರು. ಮಕ್ಕಳನ್ನು ಒಳಗೆ ಎಳಕೊಂಡರು. ಅಂಗಡಿಕಾರರು ಫಳಿ ಇಳಿಸಿದರು, ಬಸ್ಸುಗಳಲ್ಲಿ ಸೀಟು ಖಾಲಿ ಉಳಿದವು. ಗ್ರಹಣ ಬಿಟ್ಟ ಮೇಲೆ ಸ್ನಾನ, ಆಮೇಲೆ ಒಲೆ.

ತಾಟಿನ ನೀರಿನಲ್ಲಿ ಒನಕೆ ನಿಲ್ಲಿಸುವುದೂ ಉಂಟು. ಗ್ರಹಣ ಹಿಡಿದಾಗ ಮಾತ್ರ ಅದು ನಿಲ್ಲುತ್ತದೆ, ಬಿಟ್ಟ ಕೂಡಲೇ ಬೀಳುತ್ತದೆ ಅಂತಾರೆ. ತಳ ಸಪಾಟಾಗಿದ್ದ ಒನಕೆ ಸೋಮವಾರ ನಿಲ್ಲಿಸಿದರೂ ನಿಲ್ಲುತ್ತದೆ, ಮಂಗಳವಾರವೂ ನಿಲ್ಲುತ್ತದೆ. ಬೇರೆ ದಿನ ಯಾರೂ ನಿಲ್ಲಿಸಿ ನೋಡುವುದಿಲ್ಲ, ಅಷ್ಟೇ.

ಅಜ್ಜಿಯರನ್ನು ಜರಿಯುವುದು ಸಲ್ಲದು. ಮಕ್ಕಳ ಕಣ್ಣು ಹೋದೀತೆಂಬ ಅವರ ಅಂಜಿಕೆಯಲ್ಲಿ ಅರ್ಧ ನಿಜವಿತ್ತು. ಸೂರ್ಯ ಅರೆಬರೆ ಮುಚ್ಚಿದ್ದಾಗ ಬರಿಗಣ್ಣಿನಿಂದ ನೋಡಿದರೆ ಕಣ್ಣಿನ ಒಳಪದರ ಸುಡುತ್ತದೆ. ಸುಡುವಾಗ ನೋವೂ ಆಗುವುದಿಲ್ಲ, ಅದೇ ಮೋಸ. ಮಸಿ ಹಿಡಿದ ಗಾಜು, ಎಕ್ಸ್‌ರೇ ಫಿಲ್ಮು, ನೀರಿನ ಬೋಗುಣಿ ಯಾವುದೂ ಭರವಸೆಯದಲ್ಲ. ಆದರೆ ಪೂರ್ತಿ ಮುಚ್ಚಿದ ಆ ಎರಡು ನಿಮಿಷ ಮಾತ್ರ ಬರಿಗಣ್ಣಿಗೆ ಅಪಾಯವಿಲ್ಲ. ಈ ವ್ಯತ್ಯಾಸವನ್ನು ಶಾಲೆಯಲ್ಲಿ, ಚಾವಡಿಯಲ್ಲಿ ತಿಳಿಸಿ ಹೇಳುವವರು ಸಾಕಷ್ಟು ಇರಲಿಲ್ಲ. ಹಾಗಾಗಿ ಕಣ್ಣಿನ ಜಾಗ್ರತೆಯೂ ರಾಹುವಿನ ಭಯವೂ ಒಂದೇ ಗಂಟಿನಲ್ಲಿ ಸೇರಿಹೋದವು.

ಕಲ್ಲು ಬೇರೆ ಮಾತು ಹೇಳುತ್ತದೆ

ಗ್ರಹಣಕ್ಕೆ ಅಡಗುವುದು ಹಳೆಯ ಪದ್ಧತಿ ಅಂತಾರೆ. ಹಳೆಯ ಕಲ್ಲುಗಳನ್ನೇ ಕೇಳೋಣ. ಆಡೂರಿನಲ್ಲಿ ಬಾದಾಮಿ ಚಾಲುಕ್ಯರ ಕಾಲದ ಶಾಸನ ಸಿಕ್ಕಿದೆ. ಫ್ಲೀಟ್ ಸಾಹೇಬ ಅದನ್ನು ಓದಿ ಅಚ್ಚು ಹಾಕಿಸಿದ. ಬಸದಿಗೆ ಹೊಲ ಬಿಟ್ಟುಕೊಟ್ಟ ಸುದ್ದಿ ಅದರಲ್ಲಿದೆ. ಮುಂದೆ ಹಾನಗಲ್ಲು ಕದಂಬರ ರಾಜಧಾನಿ ಪಾನುಂಗಲ್ಲಾಗಿ ಮೆರೆಯಿತು. ಆ ಶತಮಾನಗಳಲ್ಲಿ ಕನ್ನಡ ನಾಡಿನ ಉದ್ದಗಲಕ್ಕೂ ದಾನಕ್ಕೆ ಆರಿಸಿಕೊಂಡ ದಿನಗಳಲ್ಲಿ ಸಂಕ್ರಾಂತಿಯೂ ಒಂದು, ಗ್ರಹಣವೂ ಒಂದು. 'ಸೂರ್ಯಗ್ರಹಣ ನಿಮಿತ್ತ' ಎಂದು ಕಲ್ಲಿನಲ್ಲಿ ಕೊರೆದು ಕೆರೆಗೆ, ಗುಡಿಗೆ, ಮಠಕ್ಕೆ ಭೂಮಿ ಕೊಟ್ಟರು. ಕೊಡುವವನು ನಾಲ್ಕು ಜನರ ಎದುರು ಕೈನೀರು ಬಿಟ್ಟ.

ಅವರಿಗೂ ರಾಹು-ಕೇತುಗಳ ನಂಬಿಕೆ ಇತ್ತು. ಆದರೂ ಆ ದಿನವನ್ನು ದಾಖಲೆಗೆ ತಂದರು. ಅದರ ಲಾಭ ನಮಗೆ. ಗ್ರಹಣಗಳ ಲೆಕ್ಕವನ್ನು ಹಿಂದಕ್ಕೆ ಹಾಕಿ ಎಷ್ಟೋ ಶಾಸನಗಳ ತಾರೀಖನ್ನು ವಿದ್ವಾಂಸರು ತಾಳೆ ನೋಡಿದ್ದಾರೆ. ಬಾಗಿಲು ಹಾಕಿಕೊಂಡವರು 1980ರ ಬಗ್ಗೆ ಮೊಮ್ಮಕ್ಕಳಿಗೆ ಹೇಳಲಿಕ್ಕೆ ಏನು ಉಳಿಸಿಕೊಂಡರು? 'ಕತ್ತಲಾಗಿತ್ತಂತೆ' ಎಂಬ ಒಂದು 'ಅಂತೆ'. ಅಂದು ಎಂಟು ವರ್ಷದ ಹುಡುಗನಿಗೆ ಈಗ ಐವತ್ತು ದಾಟಿದೆ. ಕಟ್ಟೆಯ ಮೇಲೆ ಬಿಟ್ಟಿಯಾಗಿ ಸಿಗುತ್ತಿದ್ದದ್ದನ್ನು ನೋಡಲು ಅವನೀಗ ಪರಸ್ಥಳಕ್ಕೇ ಹೋಗಬೇಕು.

ಈಗ ನಾವೇ ಹೋಗಬೇಕು

1980ರ ನಂತರ ಖಗ್ರಾಸದ ಪಟ್ಟಿ ಭಾರತದ ಮೇಲೆ 1995, 1999 ಮತ್ತು 2009ರಲ್ಲಿ ಹಾದಿದೆ. ಯಾವುದೂ ಕರ್ನಾಟಕಕ್ಕೆ ಬರಲಿಲ್ಲ. 2019ರ ಡಿಸೆಂಬರ್ 26ರ ಬೆಳಿಗ್ಗೆ ಬಂದದ್ದು ಕಂಕಣ ಗ್ರಹಣ. ಮಂಗಳೂರು, ಕೊಡಗು, ಕಾಸರಗೋಡಿನ ಚೆರುವತ್ತೂರಿನಲ್ಲಿ ಸೂರ್ಯ ಬಳೆಯಂತೆ ಕಂಡ. ಅಲ್ಲಿಗೆ ಗ್ರಹಣ ಕನ್ನಡಕ ಹಿಡಿದು ಮಂದಿ ದೂರದೂರದಿಂದ ಹೋದರು, ಮಕ್ಕಳನ್ನೂ ಕರಕೊಂಡು ಹೋದರು. ನಲವತ್ತು ವರ್ಷದಲ್ಲಿ ಗಾಳಿ ಅಷ್ಟು ತಿರುಗಿದೆ. ಹಾಗಿದ್ದೂ ಅದೇ ದಿನ ಎಷ್ಟೋ ಊರುಗಳಲ್ಲಿ ಹೋಟೆಲಿನ ಒಲೆ ಹತ್ತಲಿಲ್ಲ, ಬಸ್ಸಿಳಿದವರಿಗೆ ಒಂದು ಕಪ್ಪು ಚಹಾಕ್ಕೂ ತತ್ವಾರವಾಯಿತು. ಗಿರಾಕಿ ತಾನಾಗಿ ಬರುವ ದಿನ ಅಂಗಡಿ ಮುಚ್ಚುವುದು ಯಾವ ಲೆಕ್ಕವೋ, ವ್ಯಾಪಾರಸ್ಥರೇ ಹೇಳಬೇಕು.

2031ರ ಮೇ 21ರ ಕಂಕಣ ಗ್ರಹಣ ಕೇರಳ, ತಮಿಳುನಾಡುಗಳ ಮೇಲೆ ಹಾಯುತ್ತದೆ. ನಮ್ಮ ಜಿಲ್ಲೆಗೆ ಪಾರ್ಶ್ವ ಗ್ರಹಣ ಸಿಗುತ್ತದೆ. 2034ರ ಮಾರ್ಚ್ 20ರ ಖಗ್ರಾಸ ನೋಡಬೇಕೆಂದರೆ ಲಡಾಖ್-ಕಾಶ್ಮೀರದ ಕಡೆ ಹೋಗಬೇಕು. ಕಂಕಣ ಮತ್ತು ಪಾರ್ಶ್ವ ಗ್ರಹಣದಲ್ಲಿ ಒಂದು ಕ್ಷಣವೂ ಬರಿಗಣ್ಣಿನಿಂದ ನೋಡಬಾರದು. ಪ್ರಮಾಣಿತ ಗ್ರಹಣ ಕನ್ನಡಕ ಸಿಗದಿದ್ದರೆ ಅಡ್ಡಿಯಿಲ್ಲ. ಸೂರ್ಯನಿಗೆ ಬೆನ್ನು ಮಾಡಿ ಅಡಿಗೆ ಮನೆಯ ಜರಡಿಯನ್ನು ಬಿಸಿಲಿಗೆ ಹಿಡಿಯಿರಿ. ನೆಲದ ಮೇಲೆ ಒಂದೊಂದು ತೂತಿಗೆ ಒಂದೊಂದು ಕಚ್ಚುಬಿದ್ದ ಸೂರ್ಯ ಮೂಡುತ್ತಾನೆ. ಬೇವಿನ ಮರದ ಕೆಳಗೆ ಎಲೆಗಳ ಸಂದಿಯಿಂದಲೂ ಅದೇ ಆಟ.

ಜರಡಿ ಎಲ್ಲರ ಮನೆಯಲ್ಲೂ ಇದೆ. ಮುಂದಿನ ಸಲ ಒನಕೆಯ ಬದಲು ಅದನ್ನು ಅಂಗಳಕ್ಕೆ ತಂದರೆ ಸಾಕು, ಜೊತೆಗೆ ಮಕ್ಕಳನ್ನೂ.