ಉಪ್ಪು ತಿಂದ ಬೈಕ್ ರ‍್ಯಾಕ್

ಕೆಲವು ವರ್ಷಗಳಿಂದ ಯುಗಾದಿ ಕಾರ್ಯಕ್ರಮ ಮುಗಿದ ಮೇಲೆ ಪಾರ್ಕಿಂಗ್ ಲಾಟಿನಲ್ಲಿ ಯಾರಾದರೂ ನನ್ನನ್ನು ಪಕ್ಕಕ್ಕೆ ಕರೆದು, "ಸ್ವಲ್ಪ ನಮ್ಮ ಗಾಡಿ ಹಿಂದೆ ನೋಡ್ತೀರಾ, ಬೈಕ್ ರ‍್ಯಾಕ್ ಈಚೆಗೆ ಬರ್ತಾನೇ ಇಲ್ಲ" ಅನ್ನುವುದು ವಾಡಿಕೆಯಾಗಿಬಿಟ್ಟಿದೆ. ನನ್ನ ಡಿಕ್ಕಿಯಲ್ಲಿ ಸುತ್ತಿಗೆ, ಸಾಕೆಟ್ ಸೆಟ್ಟು ಸದಾ ಇರುತ್ತದೆ ಎಂಬ ಸುದ್ದಿ ಹೇಗೋ ಹಬ್ಬಿದೆ. ಒಬ್ಬೊಬ್ಬರಿಗೂ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡೋಣ ಎಂದು ಕೂತಿದ್ದೇನೆ. (ಬೈಕ್ ಎಂದರೆ ಇಲ್ಲಿ ನಮ್ಮ ಸೈಕಲ್ಲೇ. ಊರಿಂದ ಬಂದಿರುವ ಅಪ್ಪ ಅಮ್ಮ ಇದನ್ನು ಓದುತ್ತಿದ್ದರೆ ಗಾಬರಿ ಬೇಡ, ಮೋಟರ್ ಬೈಕನ್ನು ವ್ಯಾನಿನ ಹಿಂದೆ ನೇತುಹಾಕುವ ಮಾತಲ್ಲ!)

ನಮ್ಮ ಮಿಶಿಗನ್ನಿನಲ್ಲಿ ಇದಕ್ಕೆಲ್ಲ ಮೂಲ ಉಪ್ಪು. ಡೆಟ್ರಾಯಿಟ್ ನಗರದ ಕೆಳಗೆ, ಸಾವಿರ ಅಡಿಗೂ ಹೆಚ್ಚು ಆಳದಲ್ಲಿ, ಉಪ್ಪಿನ ಗಣಿಯೇ ಇದೆ. ಹಿಮ ಬಿದ್ದಾಗ ರಸ್ತೆಗೆ ಸುರಿಯುವುದು ಇಂಥ ಕಲ್ಲುಪ್ಪನ್ನೇ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ; ಹದವಾಗಿ ಬೆರೆತರೆ ಮೈನಸ್ 21 ಡಿಗ್ರಿ ಸೆಲ್ಸಿಯಸ್‌ವರೆಗೂ ನೀರಾಗಿಯೇ ಉಳಿಯುತ್ತದೆ. ನಮಗೆ ಜಾರದ ರಸ್ತೆ, ಗಾಡಿ ಹಿಂದಿನ ರ‍್ಯಾಕಿಗೆ ನಿತ್ಯ ಉಪ್ಪುನೀರಿನ ಅಭಿಷೇಕ. ಕೆಲವು ಕಡೆ ಕ್ಯಾಲ್ಸಿಯಂ ಕ್ಲೋರೈಡನ್ನೂ ಬಳಸುತ್ತಾರೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುವ ಜಾತಿ, ಹಾಗಾಗಿ ರಸ್ತೆ ಒಣಗಿದರೂ ಸಂದಿಗೊಂದಿಯ ಪಸೆ ಆರುವುದಿಲ್ಲ. ಕಾರವಾರ, ಮಂಗಳೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಡಲ ಗಾಳಿಗೆ ಕಿಟಕಿ ಸರಳಿನ ಗತಿ ಏನಾಗುತ್ತದೆಂದು ಕಂಡವರು. ಒಟ್ಟಿನಲ್ಲಿ ಉಪ್ಪು ತಿನ್ನುವುದು ರ‍್ಯಾಕು, ನೀರು ಕುಡಿಯುವವರು ನಾವು.

ಬಂಪರಿನ ಕೆಳಗೆ ಒಂದು ಚೌಕದ ಬಾಯಿ ಕಾಣುತ್ತದಲ್ಲ, ಅದು ಹಿಚ್ ರಿಸೀವರ್. ದೊಡ್ಡ ಗಾಡಿಗಳಲ್ಲಿ ಸಾಮಾನ್ಯವಾಗಿ 2 ಇಂಚು, ಸಣ್ಣ ಕಾರುಗಳಲ್ಲಿ ಒಂದೂಕಾಲು ಇಂಚು. ಅದರೊಳಕ್ಕೆ ರ‍್ಯಾಕಿನ ದಂಡ ತೂರುತ್ತದೆ, ಅಡ್ಡಲಾಗಿ ಒಂದು ಪಿನ್ನೋ ಬೋಲ್ಟೋ ಇರುತ್ತದೆ. ಆಮೇಲೆ ರ‍್ಯಾಕನ್ನು ಹಿಂದಕ್ಕೆ ಬಗ್ಗಿಸುವ ಕೀಲು, ಚಕ್ರ ಹಿಡಿಯುವ ಕೊಕ್ಕೆ, ಬೀಗ. ಕಚ್ಚಿಕೊಳ್ಳುವ ಜಾಗಗಳು ಇವೇ. ದಂಡಕ್ಕೂ ರಿಸೀವರಿಗೂ ನಡುವಿನ ಸಂದಿ ಬಹಳ ಕಿರಿದು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಡಬ್ಬಿ ತುಂಬ ಕಡಲೆ ಹಾಕಿ ನೀರು ಸುರಿದರೆ ಬೆಳಗ್ಗೆ ಏನಾಗಿರುತ್ತದೆ? ಇಲ್ಲೂ ಅದೇ ಕಥೆ. ಅಲ್ಯೂಮಿನಿಯಂ ರ‍್ಯಾಕಿಗೆ ತುಕ್ಕು ಬರೋದಿಲ್ಲ ಎಂದು ಹೆಚ್ಚು ಡಾಲರ್ ಕೊಟ್ಟವರೂ ಪಾರಾಗುವುದಿಲ್ಲ. ಎರಡು ಬೇರೆ ಲೋಹ, ನಡುವೆ ಉಪ್ಪುನೀರು ಎಂದರೆ ಅದೊಂದು ಪುಟ್ಟ ಬ್ಯಾಟರಿ. ಉಕ್ಕಿನ ಬೋಲ್ಟಿನ ಸುತ್ತ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ, ಆ ಪುಡಿ ಬೋಲ್ಟನ್ನು ಸಿಮೆಂಟಿನಂತೆ ಹಿಡಿದುಬಿಡುತ್ತದೆ.

ಬರೀ ಕಿರಿಕಿರಿಯ ವಿಷಯವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಬಗ್ಗಿಸುವ ಕೀಲು ಕಚ್ಚಿಕೊಂಡರೆ ಎಷ್ಟೋ ಮಿನಿವ್ಯಾನುಗಳ ಹಿಂಬಾಗಿಲು ತೆರೆಯುವುದೇ ಇಲ್ಲ. ಮಗುವಿನ ಡಯಾಪರ್ ಬ್ಯಾಗು, ಸ್ಪೇರ್ ಟೈರು ಎಲ್ಲ ಒಳಗೆ. ಅದಕ್ಕಿಂತ ಮುಖ್ಯ, ಕಚ್ಚಿಕೊಂಡ ಬೋಲ್ಟು ಬಿಗಿಯಾಗಿದೆ ಎಂದು ಅರ್ಥವಲ್ಲ. ರೆಂಚಿಗೆ ಅಲ್ಲಾಡದ ಬೋಲ್ಟು ಒಳಗೆ ಸವೆದು ಅರ್ಧವಾಗಿರಬಹುದು. ಬೇಸಿಗೆಯಲ್ಲಿ ನಾವೆಲ್ಲ ಮ್ಯಾಕಿನಾ ದ್ವೀಪಕ್ಕೆ ಹೋಗುತ್ತೇವೆ. 1898ರಿಂದ ಅಲ್ಲಿ ಕಾರುಗಳಿಗೆ ನಿಷೇಧ, ದ್ವೀಪದ ಸುತ್ತ 8 ಮೈಲಿ ಸೈಕಲ್ ತುಳಿಯುವುದು ಮಕ್ಕಳಿಗೆ ಹಬ್ಬ. ಆದರೆ ಅಲ್ಲಿ ಮುಟ್ಟಲು ಐ-75ರಲ್ಲಿ 300 ಮೈಲಿಗೆ ಹತ್ತಿರ ಓಡಿಸಬೇಕು, 70 ಮೈಲಿ ವೇಗದಲ್ಲಿ, ನಾಲ್ಕು ಸೈಕಲ್ ಹೊತ್ತು. ಅವುಗಳ ಹಿಂದೆ ಬರುವ ಕಾರಿನಲ್ಲೂ ಯಾರದೋ ಮಕ್ಕಳಿರುತ್ತಾರೆ.

ಈಗ ಬಿಡಿಸುವ ವಿಧಾನ. ಮೊದಲು ಸೈಕಲ್ಲುಗಳನ್ನು ಇಳಿಸಿ ದೂರ ಇಡಿ. ಎಣ್ಣೆಯ ಒಂದು ಹನಿ ಬ್ರೇಕಿಗೆ ತಾಗಿದರೂ ಅದು ಹಿಡಿಯುವುದಿಲ್ಲ. ಬಿಸಿನೀರು, ತಂತಿ ಬ್ರಷ್ ಹಿಡಿದು ಉಪ್ಪು, ಸಡಿಲ ತುಕ್ಕು ತೊಳೆಯಿರಿ. ಒಣಗಿದ ಮೇಲೆ ಪೆನಿಟ್ರೇಟಿಂಗ್ ಆಯಿಲ್ ಹೊಡೆಯಿರಿ. ಎಲ್ಲರ ಗರಾಜಿನಲ್ಲೂ ಇರುವ ಡಬ್ಲ್ಯುಡಿ-40 ಹುಟ್ಟಿದ್ದು 1953ರಲ್ಲಿ, ಸ್ಯಾನ್ ಡಿಯೇಗೋದಲ್ಲಿ, ಲೋಹದಿಂದ ನೀರನ್ನು ದೂರವಿಡಲು. ಸಣ್ಣಪುಟ್ಟ ಕೆಲಸಕ್ಕೆ ಅಡ್ಡಿಯಿಲ್ಲ, ಆದರೆ ನಾಲ್ಕು ಚಳಿಗಾಲ ಕಂಡ ತುಕ್ಕಿಗೆ ಅದರ ಮಾಮೂಲಿ ನೀಲಿ ಡಬ್ಬಿ ಸಾಲದು. ಪಿಬಿ ಬ್ಲಾಸ್ಟರ್, ಕ್ರಾಯ್ಲ್, ಲಿಕ್ವಿಡ್ ರೆಂಚ್ ಇವುಗಳಲ್ಲಿ ಯಾವುದಾದರೂ ತನ್ನಿ. ರಿಸೀವರಿನ ಹಿಂಬದಿ ಎಷ್ಟೋ ಗಾಡಿಗಳಲ್ಲಿ ಬಂಪರಿನಡಿ ತೆರೆದೇ ಇರುತ್ತದೆ, ಕೊಳವೆ ಸಿಕ್ಕಿಸಿ ಅಲ್ಲಿಂದಲೂ ಹೊಡೆಯಿರಿ. ಆಮೇಲೆ ಬೇಕಾದ್ದು ತಾಳ್ಮೆ. ಹತ್ತು ನಿಮಿಷ ಕಾದು ರೆಂಚಿಗೆ ಜೋತುಬೀಳುವವರೇ ಬೋಲ್ಟಿನ ತಲೆ ಮುರಿಯುವುದು. ರಾತ್ರಿ ಒಮ್ಮೆ, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹೊಡೆದು, ಪ್ರತಿ ಸಲವೂ ಸುತ್ತಿಗೆಯಿಂದ ಟಕಟಕ ತಟ್ಟಿ. ತಟ್ಟಿದಾಗ ತುಕ್ಕು ಬಿರುಕು ಬಿಟ್ಟು ಎಣ್ಣೆಗೆ ದಾರಿಯಾಗುತ್ತದೆ.

ಬೋಲ್ಟಿಗೆ ಆರು ಮೂಲೆಯ ಸಾಕೆಟ್ಟೇ ಬೇಕು, ಹನ್ನೆರಡು ಮೂಲೆಯದು ಅಂಚನ್ನು ಉರುಟು ಮಾಡುತ್ತದೆ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಅಲ್ಲಾಡಿದೊಡನೆ ಪೂರ್ತಿ ತೆಗೆಯಲು ಹೋಗದೆ ಅರ್ಧ ಸುತ್ತು ಹಿಂದೆ, ಕಾಲು ಸುತ್ತು ಮುಂದೆ, ಮತ್ತೆ ಎಣ್ಣೆ. ಪಿನ್ನು ಬಂದರೂ ದಂಡ ಬರದಿದ್ದರೆ ರಿಸೀವರಿನ ಹತ್ತಿರವೇ, ದಂಡದ ಎಡಕ್ಕೆ ಬಲಕ್ಕೆ ರಬ್ಬರ್ ಸುತ್ತಿಗೆಯಿಂದ ಹೊಡೆಯಿರಿ. ರ‍್ಯಾಕಿನ ತೋಳಿಗೆ ಬೇಡ, ಅದು ಬಾಗುತ್ತದೆ. ಹಿಂಬದಿ ತೆರೆದಿದ್ದರೆ ಅಲ್ಲಿಂದ ಕಬ್ಬಿಣದ ಸರಳಿಟ್ಟು ಹೊರಕ್ಕೆ ತಟ್ಟಬಹುದು. ಗಾಡಿಯನ್ನು ಬರೀ ಜ್ಯಾಕಿನ ಮೇಲೆ ನಿಲ್ಲಿಸಿ ಅಡಿಗೆ ಹೋಗಬೇಡಿ. ರ‍್ಯಾಕಿಗೆ ಸರಪಳಿ ಕಟ್ಟಿ, ಇನ್ನೊಂದು ತುದಿ ಮರಕ್ಕೆ ಬಿಗಿದು ಗಾಡಿ ಮುಂದಕ್ಕೆ ಓಡಿಸುವ ಸಾಹಸವನ್ನೂ ಕೇಳಿದ್ದೇನೆ. ಸರಪಳಿ ಕಡಿದರೆ ಅದು ಯಾರ ಮುಖಕ್ಕೆ ಬರುತ್ತದೋ ಹೇಳಲಾಗದು, ಖಂಡಿತ ಬೇಡ. ಟಾರ್ಚಿನಿಂದ ಬಿಸಿ ಮಾಡುವುದು ಪರಿಣಾಮಕಾರಿ, ಆದರೆ ಅಲ್ಲಿ ಎಣ್ಣೆ ಹೊಡೆದಿದ್ದೀರಿ, ಪಕ್ಕದಲ್ಲೇ ಪ್ಲಾಸ್ಟಿಕ್ ಬಂಪರು, ವೈರುಗಳು, ಪೆಟ್ರೋಲ್ ಟ್ಯಾಂಕು. ಅಲ್ಯೂಮಿನಿಯಂ ಬಿಸಿಗೆ ಬಲವನ್ನೂ ಕಳೆದುಕೊಳ್ಳುತ್ತದೆ. ಆ ಹಂತಕ್ಕೆ ಬಂದರೆ ಮೆಕ್ಯಾನಿಕ್ ಹತ್ತಿರ ಹೋಗುವುದು ವಾಸಿ.

ನಮ್ಮ ಕೂಟದ ಒಂದು ಕುಟುಂಬದ ವ್ಯಾನಿಗೆ ನಾವಿಬ್ಬರು ಗೆಳೆಯರು ಮೂರು ಸಂಜೆ ಕೊಟ್ಟೆವು. ಅಂಗಡಿಯೊಂದರಲ್ಲಿ ದಂಡವನ್ನು ಕೊಯ್ದೇ ತೆಗೆಯಬೇಕು ಅಂದಿದ್ದರಂತೆ. ಮೂರನೆಯ ಸಂಜೆ, ಚಹಾ ಬರುವ ಹೊತ್ತಿಗೆ, ಕಾಲಿಂಚು ಜಾರಿತು. ಆಮೇಲೆ ಐದು ನಿಮಿಷದ ಕೆಲಸ. ಆ ಮನೆಯ ಅಜ್ಜಿ ಮೊದಲ ದಿನವೇ ಒಂದು ಬಟ್ಟಲು ಕೊಬ್ಬರಿ ಎಣ್ಣೆ ತಂದಿಟ್ಟಿದ್ದರು. ಊರಿನ ಬಾಗಿಲ ಕೀಲಿಗೆ ಅದು ಸರಿ, ಇಲ್ಲಿಗೆ ಆಗದು. ಸುಮಾರು 24 ಡಿಗ್ರಿಗೇ ಗಟ್ಟಿಯಾಗುವ ಎಣ್ಣೆ ಮಿಶಿಗನ್ ಚಳಿಯಲ್ಲಿ ಮೇಣವಾಗಿಬಿಡುತ್ತದೆ. ಉಳಿದ ಅಡಿಗೆ ಎಣ್ಣೆಗಳು ಕಾಲಕ್ರಮೇಣ ಅಂಟಾಗುತ್ತವೆ, ಒಲೆಯ ಹಿಂದಿನ ಗೋಡೆ ನೋಡಿ.

ಬೀಗದ ವಿಷಯದಲ್ಲಿ ಬಲಪ್ರಯೋಗ ಬೇಡವೇ ಬೇಡ, ಕೀಲಿ ಒಳಗೇ ಮುರಿಯುತ್ತದೆ. ಮಂಜು ಕಟ್ಟಿದ್ದರೆ ಆಲ್ಕೋಹಾಲಿನ ಡೀ-ಐಸರ್ ಸಾಕು. ಬಿಸಿನೀರು ಸುರಿದರೆ ಸ್ವಲ್ಪ ಹೊತ್ತಿಗೆ ಅದೂ ಹೆಪ್ಪುಗಟ್ಟುತ್ತದೆ. ತುಕ್ಕಿನಿಂದ ಹಿಡಿದಿದ್ದರೆ ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು, ಕೀಲಿಯನ್ನು ಮೆತ್ತಗೆ ಆಡಿಸಿ, ಬಿಟ್ಟುಕೊಂಡ ಮೇಲೆ ಗ್ರಾಫೈಟ್ ಪುಡಿಯನ್ನೋ ಟೆಫ್ಲಾನ್ ಸ್ಪ್ರೇಯನ್ನೋ ಬಳಸಿ. ಚಕ್ರದ ಕೊಕ್ಕೆಗೆ ಪಾತ್ರೆ ಸೋಪಿನ ನೀರು, ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಅಲ್ಲಿ ಗ್ರೀಸ್ ಹಚ್ಚಿದರೆ ಮರಳು ಕೂರುತ್ತದೆ.

ಇನ್ನು ಬರದಂತೆ ನೋಡಿಕೊಳ್ಳುವುದು. ಹಲಸಿನ ಹಣ್ಣು ಬಿಡಿಸುವ ಮುಂಚೆ ಕೈಗೆ ಎಣ್ಣೆ ಹಚ್ಚುತ್ತೇವೆ, ಅಂಟಿದ ಮೇಲಲ್ಲ. ಬೋಲ್ಟಿಗೂ ಹಾಗೆ ಆಂಟಿ ಸೀಝ್ ಎಂಬ ಪೇಸ್ಟು ಇದೆ. ಆಟೋ ಪಾರ್ಟ್ಸ್ ಅಂಗಡಿಯ ಒಂದು ಸಣ್ಣ ಡಬ್ಬಿ ವರ್ಷಗಟ್ಟಲೆ ಬರುತ್ತದೆ. ಅಲ್ಯೂಮಿನಿಯಂ ರ‍್ಯಾಕಿಗೆ ತಾಮ್ರ ಬೆರೆಸಿದ್ದಕ್ಕಿಂತ ನಿಕಲ್ ಬೆರೆಸಿದ್ದು ಒಳ್ಳೆಯದು. ತೆಳ್ಳಗೆ ಹಚ್ಚಿ. ಜಾರುವ ಮರೆಗೆ ಅದೇ ಬಲ ಹಾಕಿದರೂ ಹೆಚ್ಚು ಬಿಗಿಯಾಗುತ್ತದೆ, ಆದ್ದರಿಂದ ಮೈಬಲವೆಲ್ಲ ಸುರಿಯಬೇಡಿ. ಮರೆಗಳಲ್ಲಿ ನೀಲಿ ಅಂಟು ಕಂಡರೆ ಅಲ್ಲಿ ಪೇಸ್ಟ್ ಹಚ್ಚಬೇಡಿ, ಅದು ಕುಲುಕಾಟಕ್ಕೆ ಸಡಿಲವಾಗದಿರಲೆಂದೇ ಹಾಕಿದ್ದು. ನೈಲಾನ್ ಒಳಪಟ್ಟಿಯ ನಟ್ಟು ಬಿಚ್ಚಿದರೆ ಹೊಸದು ಹಾಕಿ. ರಿಸೀವರಿನ ಒಳಮೈಗೆ ಗ್ರೀಸ್ ಆಗಬಹುದು; ನನಗೆ ಇಷ್ಟವಾದದ್ದು ಫ್ಲೂಯಿಡ್ ಫಿಲ್ಮ್, ಕುರಿಯ ಉಣ್ಣೆಯ ಜಿಡ್ಡಿನಿಂದ ಮಾಡಿದ್ದು.

ಎಲ್ಲಕ್ಕಿಂತ ಒಳ್ಳೆಯ ಉಪಾಯ ಚಳಿಗಾಲದಲ್ಲಿ ರ‍್ಯಾಕನ್ನು ಕಳಚಿಡುವುದು. ಇದಕ್ಕೆ ನಮ್ಮ ಪಂಚಾಂಗವೇ ಸಾಕು. ಆಯುಧಪೂಜೆಗೆ ಹೇಗೂ ಗಾಡಿ ತೊಳೆದು ಕುಂಕುಮ ಹಚ್ಚಿ ನಿಂಬೆಹಣ್ಣು ಇಡುತ್ತೇವೆ. ಅದೇ ದಿನ ರ‍್ಯಾಕ್ ತೆಗೆದು, ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ ಗರಾಜಿನ ಗೋಡೆಗೆ ಒರಗಿಸಿ, ರಿಸೀವರಿನ ಬಾಯಿಗೆ ರಬ್ಬರ್ ಮುಚ್ಚಳ ಹಾಕಿ. ಯುಗಾದಿ ಕಳೆದು, ಮಳೆ ಒಂದೆರಡು ಸಲ ರಸ್ತೆ ತೊಳೆದ ಮೇಲೆ ಮತ್ತೆ ಹಾಕಿ. ನಡುವಿನ ತಿಂಗಳುಗಳಲ್ಲೂ ತಿಂಗಳಿಗೊಮ್ಮೆ ಪಿನ್ನು ಎಳೆದು, ಕೀಲು ಬಗ್ಗಿಸಿ, ಬೀಗ ತಿರುಗಿಸಿ ನೋಡಿ.

ಹಳೇ ರ‍್ಯಾಕ್ ಕೊಳ್ಳುವವರು ಬಣ್ಣ ನೋಡಿ ಮರುಳಾಗಬೇಡಿ. ಪ್ರತಿ ಕೀಲನ್ನೂ ಕೈಯಾರೆ ಆಡಿಸಿ, ಎಲ್ಲ ಬೀಗಕ್ಕೂ ಕೀಲಿ ಕೇಳಿ. ದಂಡದ ಬೆಸುಗೆಯ ಹತ್ತಿರ ಬಣ್ಣ ಗುಳ್ಳೆಯೆದ್ದಿದ್ದರೆ ಸ್ಕ್ರೂಡ್ರೈವರಿನಿಂದ ಕೆರೆಯಿರಿ. ಮೇಲುಮೇಲಿನ ತುಕ್ಕು ಪುಡಿಯಾಗಿ ಉದುರಿ ಕೆಳಗೆ ಗಟ್ಟಿ ಲೋಹ ಸಿಕ್ಕರೆ ಚಿಂತೆಯಿಲ್ಲ. ಹಪ್ಪಳದಂತೆ ಪದರ ಪದರವಾಗಿ ಎದ್ದು ಬಂದರೆ, ಅಥವಾ ಕೂದಲಿನಂಥ ಸೀಳು ಕಂಡರೆ, ಪುಕ್ಕಟೆ ಕೊಟ್ಟರೂ ತರಬೇಡಿ.