ರಸ್ತೆ ಎರಡು ಪಟ್ಟು, ಮಣ್ಣು ನಾಲ್ಕು ಪಟ್ಟು

ಬಯಲುಸೀಮೆಯಲ್ಲಿ ರಸ್ತೆಯ ಅಗಲ ಎರಡು ಪಟ್ಟಾದರೆ ಮಣ್ಣಿನ ಕೆಲಸವೂ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಶಿರಾಡಿ, ಚಾರ್ಮಾಡಿಯಂಥ ಘಟ್ಟಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ.

ಇಳಿಜಾರನ್ನು ಕಡಿದು ರಸ್ತೆ ಮಾಡುವಾಗ ತೆಗೆಯುವ ಮಣ್ಣನ್ನು ಅಡ್ಡಲಾಗಿ ಸೀಳಿ ನೋಡಿದರೆ ಒಂದು ತ್ರಿಕೋನ ಕಾಣುತ್ತದೆ. ರಸ್ತೆ ಅದರ ತಳ, ಕಡಿದ ಧರೆ ಒಂದು ಬದಿ, ಗುಡ್ಡದ ಹಳೆಯ ಮೈ ಇನ್ನೊಂದು ಬದಿ. ಗುಡ್ಡ ಎರಡು ಮೀಟರಿಗೆ ಒಂದು ಮೀಟರ್ ಏರುತ್ತದೆ, ಧರೆಯನ್ನು ಒಂದು ಮೀಟರಿಗೆ ಎರಡು ಮೀಟರ್ ಏರುವಂತೆ ಕಡಿಯುತ್ತಾರೆ ಎಂದಿಟ್ಟುಕೊಳ್ಳಿ. 8 ಮೀಟರ್ ಅಗಲಕ್ಕೆ ಧರೆಯ ಎತ್ತರ ಸುಮಾರು 5.3 ಮೀಟರ್, ತ್ರಿಕೋನದ ವಿಸ್ತೀರ್ಣ 21 ಚದರ ಮೀಟರ್. ಅಗಲ 16 ಮೀಟರ್ ಆದರೆ ಧರೆಯೂ ದುಪ್ಪಟ್ಟು ಎತ್ತರವಾಗುತ್ತದೆ, ವಿಸ್ತೀರ್ಣ 85ಕ್ಕೆ ಏರುತ್ತದೆ. ಅಂದರೆ ಕಿಲೋಮೀಟರಿಗೆ 21 ಸಾವಿರ ಘನ ಮೀಟರ್ ಇದ್ದದ್ದು 85 ಸಾವಿರವಾಗುತ್ತದೆ. ಅಗಲ ಹೆಚ್ಚಿಸದಿದ್ದರೂ, ಗುಡ್ಡ 45 ಡಿಗ್ರಿಯಷ್ಟು ಕಡಿದಾಗಿದ್ದರೆ 8 ಮೀಟರ್ ರಸ್ತೆಗೇ 64 ಸಾವಿರ ಘನ ಮೀಟರ್ ಅಗೆಯಬೇಕು.

ಇದೇ ಗಣಿತ ಉಳಿತಾಯದ ದಾರಿಯನ್ನೂ ತೋರಿಸುತ್ತದೆ. ರಸ್ತೆಯ ಅರ್ಧವನ್ನಷ್ಟೇ ಕಡಿದು, ಆ ಮಣ್ಣನ್ನು ಕಣಿವೆಯ ಬದಿಗೆ ತುಂಬಿ ಉಳಿದರ್ಧ ಕಟ್ಟಿದರೆ ಅಗೆತ ಕಾಲು ಪಾಲಿಗೆ ಇಳಿಯುತ್ತದೆ. ಆದರೆ ತೀರಾ ಕಡಿದಾದ ಕಡೆ ತುಂಬಿದ ಮಣ್ಣು ನಿಲ್ಲುವುದಿಲ್ಲ, ತಡೆಗೋಡೆ ಬೇಕು.

ನಿಜವಾದ ಗುಡ್ಡ ಒಂದೇ ಸಮ ಇರುವುದಿಲ್ಲವಲ್ಲ. ಅದಕ್ಕೆ ಎಂಜಿನಿಯರುಗಳು ಇಂತಿಷ್ಟು ಮೀಟರಿಗೊಂದರಂತೆ ಅಡ್ಡಛೇದ ಅಳೆದು, ಅಕ್ಕಪಕ್ಕದ ಎರಡರ ಸರಾಸರಿಯನ್ನು ನಡುವಿನ ದೂರದಿಂದ ಗುಣಿಸುತ್ತಾರೆ. ವಿಧಾನ ಸುಲಭ, ಆದರೆ ಗುಡ್ಡ ಮುಗಿಯುವ ತುದಿಯಲ್ಲಿ ತಪ್ಪುತ್ತದೆ. ಅಲ್ಲಿ ಮಣ್ಣು ಪಿರಮಿಡ್ಡಿನಂತೆ ಮೊನಚಾಗುವುದರಿಂದ ಅದರ ಗಾತ್ರ ತಳದ ವಿಸ್ತೀರ್ಣ ಮತ್ತು ಉದ್ದದ ಗುಣಲಬ್ಧದ ಮೂರನೇ ಒಂದು ಭಾಗ. ಸರಾಸರಿಯ ಸೂತ್ರ ಅರ್ಧ ಎನ್ನುತ್ತದೆ. ನಡುವೆ ಇನ್ನೊಂದು ಅಡ್ಡಛೇದ ಅಳೆದು, ಅದಕ್ಕೆ ನಾಲ್ಕು ಪಟ್ಟು ತೂಕ ಕೊಡುವ ಪ್ರಿಸ್ಮಾಯ್ಡಲ್ ಸೂತ್ರ ಈ ತಪ್ಪನ್ನು ಸರಿಪಡಿಸುತ್ತದೆ. ಡ್ರೋನ್ ಸರ್ವೆಯಿಂದ ಅಡ್ಡಛೇದಗಳನ್ನು ಇನ್ನೂ ಒತ್ತಾಗಿ ಪಡೆಯಬಹುದು. ದಟ್ಟ ಕಾಡಿನಲ್ಲಿ ಮಾತ್ರ ಕ್ಯಾಮೆರಾಗೆ ಕಾಣುವುದು ನೆಲವಲ್ಲ, ಮರದ ತಲೆ.

ಇಷ್ಟೆಲ್ಲ ಸರಿಯಾಗಿ ಅಳೆದರೂ ಅದು ಗುಡ್ಡದಲ್ಲಿ ಬಿಗಿಯಾಗಿ ಕೂತಿದ್ದ ಮಣ್ಣಿನ ಲೆಕ್ಕ. ಅಗೆದ ಮಣ್ಣು ಸಡಿಲಾಗಿ ಸುಮಾರು ಕಾಲು ಭಾಗ ಉಬ್ಬುತ್ತದೆ, ಒಡೆದ ಬಂಡೆ ಇನ್ನೂ ಹೆಚ್ಚು. ಮೇಲಿನ 85 ಸಾವಿರ ಘನ ಮೀಟರ್ ಮಣ್ಣು ಟಿಪ್ಪರ್ ಏರುವಾಗ ಲಕ್ಷ ದಾಟಿರುತ್ತದೆ: 10 ಘನ ಮೀಟರಿನ ಟಿಪ್ಪರಿಗೆ ಹತ್ತು ಸಾವಿರಕ್ಕೂ ಹೆಚ್ಚು ಲೋಡ್, ಅದೂ ಒಂದೇ ಕಿಲೋಮೀಟರಿಗೆ. ಅಷ್ಟನ್ನು ಸುರಿಯುವ ಜಾಗವನ್ನು ಎಸ್ಟಿಮೇಟಿನಲ್ಲೇ ಗುರುತಿಸದಿದ್ದರೆ ಮಣ್ಣು ಕೆಳಗಿನ ಹಳ್ಳಕ್ಕೇ ಹೋಗುತ್ತದೆ. ಘಟ್ಟದಲ್ಲಿ ರಸ್ತೆಯ ಅಗಲ ನಿರ್ಧರಿಸುವವರು ಮೊದಲು ನೋಡಬೇಕಾದ್ದು ಈ ಲೋಡುಗಳ ಲೆಕ್ಕವನ್ನು.